ಕೆಚ್ಚಲಿನ ಬೆಳವಣಿಗೆಯಲ್ಲಿ ಪಿಟ್ಯುಟರಿ ಮತ್ತು ಅಂಡಾಶಯದ ಹಾರ್ಮೋನುಗಳ ಪಾತ್ರ

ಹಸುವಿನ ಹಾಲಿನ ಇಳುವರಿಯು ತಳಿ ಮತ್ತು ಆಹಾರದೊಂದಿಗೆ ಕೆಚ್ಚಲಿನಲ್ಲಿ ಹಾಲು ಉತ್ಪಾದಿಸುವ ಜೀವಕೋಶಗಳ ಸಂಖ್ಯೆಯನ್ನೂ ಅವಲಂಬಿಸಿದೆ. ಇವುಗಳಲ್ಲಿ ಹೆಚ್ಚಿನವು ಮೊದಲ ಕರು ಹಾಕುವುದಕ್ಕೆ ಮುನ್ನವೇ ರೂಪುಗೊಳ್ಳುತ್ತವೆ. ಆದುದರಿಂದ ಕಡಸಿನ ಪಾಲನೆಯಲ್ಲಾದ ಲೋಪವನ್ನು ಮುಂದೆ ಹೆಚ್ಚು ಹಿಂಡಿ ತಿನ್ನಿಸಿ ಪೂರ್ತಿ ಸರಿಪಡಿಸಲಾಗದು.

ಬೆದೆಗೆ ಬರುವವರೆಗೆ

ಮೊದಲ 2–3 ತಿಂಗಳು ಕರುವಿನ ಕೆಚ್ಚಲು ದೇಹದಷ್ಟೇ ವೇಗದಲ್ಲಿ ಬೆಳೆಯುತ್ತದೆ. ಅನಂತರ ಬೆದೆಗೆ ಬರುವ ಕಾಲದವರೆಗೆ ದೇಹಕ್ಕಿಂತ ವೇಗವಾಗಿ ಬೆಳೆಯುತ್ತದೆ. ಅಂಡಾಶಯವು ಸ್ರವಿಸುವ ಈಸ್ಟ್ರೋಜನ್ ಹಾಲಿನ ನಾಳಗಳನ್ನು ಉದ್ದವಾಗಿಸಿ ಕವಲೊಡೆಯುವಂತೆ ಮಾಡುತ್ತದೆ. ಆದರೆ ಇದೊಂದೇ ಸಾಲದು. ಪಿಟ್ಯುಟರಿ ಗ್ರಂಥಿಯನ್ನು ತೆಗೆದ ಪ್ರಯೋಗ ಇಲಿಗಳಲ್ಲಿ ಈಸ್ಟ್ರೋಜನ್ ಮಾತ್ರ ನೀಡಿದರೆ ನಾಳಗಳು ಬೆಳೆಯುವುದಿಲ್ಲ. ಮೆದುಳಿನ ತಳಭಾಗದಲ್ಲಿರುವ ಈ ಗ್ರಂಥಿಯ ಬೆಳವಣಿಗೆ ಹಾರ್ಮೋನೂ ಜೊತೆಗಿರಬೇಕು.

ಗರ್ಭಾವಸ್ಥೆಯಲ್ಲಿ

ಗರ್ಭ ನಿಂತ ಮೇಲೆ ಅಂಡಾಶಯದ ಕಾರ್ಪಸ್ ಲೂಟಿಯಂ ಭಾಗವು ಪ್ರೊಜೆಸ್ಟರಾನ್ ಅನ್ನು ಸತತವಾಗಿ ಸ್ರವಿಸುತ್ತದೆ. ಇದು ಈಸ್ಟ್ರೋಜನ್ ಹಾಗೂ ಪಿಟ್ಯುಟರಿಯ ಪ್ರೊಲ್ಯಾಕ್ಟಿನ್ ಜೊತೆಗೂಡಿ, ನಾಳಗಳ ತುದಿಯಲ್ಲಿ ಹಾಲು ಉತ್ಪಾದಿಸುವ ಕಿರುಚೀಲಗಳ ಗೊಂಚಲುಗಳನ್ನು ಬೆಳೆಸುತ್ತದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಈ ಬೆಳವಣಿಗೆ ಅತಿ ಹೆಚ್ಚು. ಅಲ್ಲಿಯವರೆಗೆ ಹಾಲಿನ ಉತ್ಪಾದನೆಯನ್ನು ತಡೆದಿಡುವುದೂ ಪ್ರೊಜೆಸ್ಟರಾನೇ. ಕರು ಹಾಕುವ ಸಮಯಕ್ಕೆ ಅದು ಕುಸಿದು ಪ್ರೊಲ್ಯಾಕ್ಟಿನ್ ಏರಿದಾಗ ಹಾಲು ತುಂಬತೊಡಗುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

• ಬೆದೆಗೆ ಬರುವ ಮುನ್ನ ಕಡಸುಗಳಿಗೆ ಅತಿಯಾಗಿ ಧಾನ್ಯ, ಹಿಂಡಿ ನೀಡಬಾರದು. ಇದರಿಂದ ಬೆಳವಣಿಗೆ ಹಾರ್ಮೋನಿನ ಪ್ರಮಾಣ ತಗ್ಗಿ, ನಾಳಗಳು ಹರಡಬೇಕಾದ ಸ್ಥಳದಲ್ಲಿ ಕೊಬ್ಬು ಸೇರುತ್ತದೆ. ಹೊರನೋಟಕ್ಕೆ ತುಂಬಿದಂತೆ ಕಾಣುವ ಕೆಚ್ಚಲು ಮುಂದೆ ಕಡಿಮೆ ಹಾಲು ಕೊಡಬಹುದು.

• ಅರೆಹೊಟ್ಟೆಯಲ್ಲಿಯೂ ಇಡಬಾರದು, ಬೆದೆ ತಡವಾಗುತ್ತದೆ. ಮಿಶ್ರತಳಿ ಕಡಸುಗಳು ದಿನಕ್ಕೆ ಸುಮಾರು 500 ಗ್ರಾಂ ತೂಕ ಪಡೆಯುವಂತೆ ಹಸಿರು ಮೇವು, ಒಣಮೇವು, ಪಶು ಆಹಾರ ಮತ್ತು ಖನಿಜ ಮಿಶ್ರಣವನ್ನು ಹೊಂದಿಸಿ.

• ಮಿಶ್ರತಳಿ ಕಡಸಿಗೆ ಸುಮಾರು 250 ಕಿ.ಗ್ರಾಂ ತೂಕ ಬಂದ ನಂತರ ಕೃತಕ ಗರ್ಭಧಾರಣೆ ಮಾಡಿಸಿ.

• ಬೂಸ್ಟು ಹಿಡಿದ ಮೆಕ್ಕೆಜೋಳ ತಿನ್ನಿಸಬೇಡಿ. ಕೆಲವು ಶಿಲೀಂಧ್ರಗಳ ವಿಷವು ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ. ಗರ್ಭವಿಲ್ಲದ ಕಡಸಿನ ಕೆಚ್ಚಲು ಊದಿಕೊಂಡರೆ ಆಹಾರವನ್ನು ಪರೀಕ್ಷಿಸಿ, ಪಶುವೈದ್ಯರಿಗೆ ತೋರಿಸಿ.

• ಗಬ್ಬದ ಹಸುವಿನ ಹಾಲನ್ನು ಕರು ಹಾಕುವ 60 ದಿನ ಮುಂಚೆ ಬತ್ತಿಸಿ. ಸವೆದ ಜೀವಕೋಶಗಳ ಜಾಗದಲ್ಲಿ ಹೊಸವು ಬೆಳೆಯಲು ಈ ವಿಶ್ರಾಂತಿ ಅಗತ್ಯ.

• ಆಕ್ಸಿಟೋಸಿನ್ ಚುಚ್ಚುಮದ್ದು ಕೆಚ್ಚಲನ್ನು ಬೆಳೆಸುವುದಿಲ್ಲ. ಈಗಾಗಲೇ ತುಂಬಿರುವ ಹಾಲನ್ನು ಸೊರೆ ಬಿಡಿಸುತ್ತದೆ, ಅಷ್ಟೆ. ಯಾವುದೇ ಹಾರ್ಮೋನನ್ನು ಪಶುವೈದ್ಯರ ಸಲಹೆಯಿಲ್ಲದೆ ಬಳಸಬಾರದು.

ವಿಸ್ತರಣಾ ಕಾರ್ಯಕರ್ತರು ತಿಂಗಳಿಗೊಮ್ಮೆ ಕಡಸುಗಳ ಎದೆಸುತ್ತಳತೆಯನ್ನು ಟೇಪಿನಿಂದ ಅಳೆದು ತೂಕವನ್ನು ಅಂದಾಜಿಸಿ ದಾಖಲಿಸುವುದನ್ನು ರೈತರಿಗೆ ಕಲಿಸಬೇಕು. ಬೆಳವಣಿಗೆ ಅತಿಯಾದರೂ ಕಡಿಮೆಯಾದರೂ ಆಹಾರವನ್ನು ಸಕಾಲದಲ್ಲಿ ಬದಲಿಸಲು ಈ ದಾಖಲೆ ನೆರವಾಗುತ್ತದೆ.