ಲೋಹ-ಪಿಂಗಾಣಿ ದಂತ ಕಿರೀಟ

ಲೋಹದ ತೆಳು ಕವಚದ ಮೇಲೆ ಪಿಂಗಾಣಿಯನ್ನು ಸುಟ್ಟು ಕೂರಿಸಿದ ಹಲ್ಲಿನ ಹೊದಿಕೆ, ಜನಬಳಕೆಯಲ್ಲಿ ‘ಕ್ಯಾಪ್’. ಗಾವಡಗೆರೆ, ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದರ ಪರಿಚಯವಾಗುವುದು ಹೆಚ್ಚಾಗಿ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದ ಮೇಲೆಯೇ.

ಪಿಂಗಾಣಿ ಅದುಮಿದರೆ ತಾಳುತ್ತದೆ, ಬಾಗಿಸಿದರೆ ಒಡೆಯುತ್ತದೆ. ಅದು ಬಾಗದಂತೆ ಹಿಡಿಯುವುದು ಒಳಗಿನ 0.3ರಿಂದ 0.5 ಮಿ.ಮೀ. ದಪ್ಪದ ಲೋಹ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಿಂದ ಹೊರಬಂದು ತಣಿಯುವಾಗ ಲೋಹ ಪಿಂಗಾಣಿಗಿಂತ ತುಸು ಹೆಚ್ಚು ಕುಗ್ಗಿ ಅದನ್ನು ಬಿಗಿಹಿಡಿಯುತ್ತದೆ. ಹಾಗಾಗಿ ಬಿರುಕು ಸುಲಭಕ್ಕೆ ಬಾಯಿಬಿಡದು. ಹಳೆಯ ಪಿಂಗಾಣಿಗೂ ಲೋಹಕ್ಕೂ ಈ ಹೊಂದಾಣಿಕೆ ಇರಲಿಲ್ಲ. ಲ್ಯೂಸೈಟ್ ಎಂಬ ಖನಿಜಾಂಶದಿಂದ ಅದನ್ನು ಸಾಧಿಸಿದ ವೈನ್‌ಸ್ಟೈನ್ ಮತ್ತು ಸಂಗಡಿಗರಿಗೆ 1962ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಲೋಹದ ಮೇಲ್ಮೈಯ ಆಕ್ಸೈಡ್ ಪೊರೆ ಎರಡನ್ನೂ ಬೆಸೆಯುತ್ತದೆ. ಈ ಬೆಸುಗೆ ಕನಿಷ್ಠ 25 ಮೆಗಾಪಾಸ್ಕಲ್ ತಾಳಬೇಕೆಂಬುದು ಐಎಸ್‌ಒ 9693 ಮಾನಕ.

ಚಿನ್ನದ ಮಿಶ್ರಲೋಹ ದುಬಾರಿ. ನಮ್ಮ ಲ್ಯಾಬುಗಳಲ್ಲಿ ನಡೆಯುವುದು ನಿಕ್ಕಲ್-ಕ್ರೋಮಿಯಂ, ಕೋಬಾಲ್ಟ್-ಕ್ರೋಮಿಯಂ. ನಕಲಿ ಓಲೆ, ವಾಚಿನ ಪಟ್ಟಿ ತಾಗಿ ತುರಿಕೆಯಾಗುವವರು ನಿಕ್ಕಲ್ ಬೇಡವೆಂದು ಮೊದಲೇ ಹೇಳುವುದು ಒಳ್ಳೆಯದು.

ಐದು ವರ್ಷಗಳ ನಂತರವೂ ನೂರರಲ್ಲಿ ಸುಮಾರು 95 ಕ್ಯಾಪ್‌ಗಳು ಬಾಯಲ್ಲೇ ಉಳಿದಿರುತ್ತವೆ ಎನ್ನುತ್ತವೆ ಅಧ್ಯಯನಗಳ ಸಮೀಕ್ಷೆಗಳು. ಬಿದ್ದುಹೋಗುವವುಗಳಲ್ಲಿ ಕ್ಯಾಪಿಗಿಂತ ಮೊದಲು ಸೋಲುವುದು ಅನೇಕ ಬಾರಿ ಅದರಡಿಯ ಹಲ್ಲು: ಒಸಡಿನಂಚಿನಲ್ಲಿ ಹುಳುಕು ಹಿಡಿಯುತ್ತದೆ, ಇಲ್ಲವೇ ಬೇರು ಸೀಳುತ್ತದೆ. ಒಸಡಿನ ಮೇಲೆ ಸುತ್ತಲೂ 2 ಮಿ.ಮೀ.ನಷ್ಟಾದರೂ ಗಟ್ಟಿ ಹಲ್ಲು ಉಳಿದಿಲ್ಲವೆಂದರೆ ಎಷ್ಟು ಬೆಲೆಯ ಕ್ಯಾಪ್ ಹಾಕಿಸಿದರೂ ನೆಚ್ಚುವಂತಿಲ್ಲ. ಪಿಂಗಾಣಿಯ ಚೂರು ಏಳುವುದೂ ಉಂಟು. ಮುದ್ದೆಯಿಂದ ಭಯವಿಲ್ಲ, ಅದನ್ನು ಅಗಿಯುವುದೇ ಇಲ್ಲವಲ್ಲ. ಗೋಟಡಿಕೆ, ನಾಟಿಕೋಳಿಯ ಮೂಳೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇವು ಅಪಾಯ. ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ನಡುವೆ ಜಾಗ ಸಾಲದಿದ್ದರೆ ಅಗಿಯುವ ಭಾಗವನ್ನು ಬರೀ ಲೋಹದಲ್ಲೇ ಬಿಡಿಸುವುದು ಜಾಣತನ. ಚೆಂದ ಕಡಿಮೆ, ಬಾಳಿಕೆ ಹೆಚ್ಚು.

ಸಣ್ಣ ಚೂರು ಎದ್ದರೆ ಬಾಯಲ್ಲೇ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳ) ಹಚ್ಚಿ ಸರಿಪಡಿಸಬಹುದು. ಕ್ಯಾಪ್ ಅಲುಗಾಡಿದರೆ, ವಾಸನೆ ಬಂದರೆ ತಡಮಾಡಬಾರದು: ರೂಟ್ ಕೆನಾಲ್ ಆದ ಹಲ್ಲಿಗೆ ನರವಿಲ್ಲ, ಒಳಗೆ ಕೊಳೆಯುತ್ತಿದ್ದರೂ ನೋವು ತಿಳಿಸದು. ಕಳಚಿದ ಕ್ಯಾಪನ್ನು ಫೆವಿಕ್ವಿಕ್ ಹಾಕಿ ಕೂರಿಸದೆ, ಪೊಟ್ಟಣದಲ್ಲಿಟ್ಟುಕೊಂಡು ವೈದ್ಯರ ಬಳಿ ಹೋಗಬೇಕು.