ಮೀರ್‌ಶಾಂ ಪೈಪು: ಬಳಸಿದಷ್ಟೂ ಬಣ್ಣವೇರುವ ಕಲ್ಲು

ಟರ್ಕಿಯ ರಾಜಧಾನಿ ಅಂಕಾರಾದ ಪಶ್ಚಿಮಕ್ಕಿರುವ ಎಸ್ಕಿಶೆಹಿರ್ ನಗರವು ಕಲ್ಲಿನಲ್ಲಿ ಕೆತ್ತಿದ ತಂಬಾಕು ಪೈಪುಗಳಿಗೆ ಹೆಸರುವಾಸಿ. ಈ ಬಿಳಿ ಕಲ್ಲಿಗೆ ಜರ್ಮನ್ನರಿಟ್ಟ ಹೆಸರು ಮೀರ್‌ಶಾಂ, ಅರ್ಥಾತ್ ಕಡಲ ನೊರೆ. 1847ರಲ್ಲಿ ಇದಕ್ಕೆ ಸೆಪಿಯೊಲೈಟ್ ಎಂಬ ಶಾಸ್ತ್ರೀಯ ನಾಮ ದೊರೆಯಿತು. ಒಣಗಿದ ತುಂಡು ನೀರಿನಲ್ಲಿ ತೇಲುವಷ್ಟು ಹಗುರ.

ಸುತ್ತಲಿನ ಹಳ್ಳಿಗಳಲ್ಲಿ ಬಾವಿಯಂತೆ ಆಳಕ್ಕೆ ತೋಡಿ, ಗಡ್ಡೆಗಳ ರೂಪದಲ್ಲಿ ಸಿಗುವ ಕಲ್ಲನ್ನು ಹೊರತೆಗೆಯುತ್ತಾರೆ. ಹಸಿಯಾಗಿದ್ದಾಗ ಅದು ಸಾಬೂನಿನಂತೆ ಮೃದು. ಕುಶಲಕರ್ಮಿಯು ಅದನ್ನು ನೀರಿನಲ್ಲಿ ನೆನೆಸಿ, ಚಾಕುವಿನಿಂದ ರುಮಾಲುಧಾರಿ ಸುಲ್ತಾನನ ಮುಖವನ್ನೋ ಹದ್ದಿನ ಉಗುರುಗಳನ್ನೋ ಬಿಡಿಸುತ್ತಾನೆ. ಆದರೆ ಕಣ್ಣಿಗೆ ಕಾಣುವ ಕೆತ್ತನೆಗಿಂತ ಕಾಣದ ರಂಧ್ರವೇ ಕಠಿಣ ಪರೀಕ್ಷೆ. ಹೊಗೆಯ ನಾಳವು ಬಟ್ಟಲಿನ ತಳಕ್ಕೇ ಸರಿಯಾಗಿ ಸೇರಬೇಕು. ತುಸು ಮೇಲಾದರೂ ತಳದ ತಂಬಾಕು ಒದ್ದೆಯಾಗಿ ಉರಿಯದೆ ಉಳಿಯುತ್ತದೆ. ಎಷ್ಟೇ ಚೆಲುವಾಗಿದ್ದರೂ ಅಂಥದ್ದು ಪೈಪಲ್ಲ, ಗೊಂಬೆ.

ಒಣಗಿಸಿ ನುಣುಪುಗೊಳಿಸಿದ ಪೈಪನ್ನು ಕರಗಿದ ಜೇನುಮೇಣದಲ್ಲಿ ಅದ್ದುತ್ತಾರೆ. ಬಳಸುತ್ತಾ ಹೋದಂತೆ ಸೂಕ್ಷ್ಮರಂಧ್ರಗಳು ಹೊಗೆಯ ಜಿಡ್ಡನ್ನು ಹೀರಿ, ಬಿಳುಪು ಹಳದಿಯಾಗಿ, ವರ್ಷಗಳ ನಂತರ ಕಂದು ಬಣ್ಣಕ್ಕೆ ತಿರುಗುತ್ತದೆ. ಸಂಗ್ರಾಹಕರು ಮೆಚ್ಚುವುದು ಈ ಬಣ್ಣವನ್ನೇ. (ಕಲ್ಲು ಜಿಡ್ಡು ಹೀರಿದ ಮಾತ್ರಕ್ಕೆ ಸೇದುವವರಿಗೆ ಬಾಯಿ ಕ್ಯಾನ್ಸರಿನ ಅಪಾಯವೇನೂ ತಪ್ಪದು.)

19ನೇ ಶತಮಾನದಲ್ಲಿ ಕಲ್ಲು ಎಸ್ಕಿಶೆಹಿರ್‌ನದು, ಕೀರ್ತಿ ವಿಯೆನ್ನಾದ್ದು. ಕಚ್ಚಾ ಕಲ್ಲು ಪೆಟ್ಟಿಗೆಗಳಲ್ಲಿ ಅಲ್ಲಿಗೆ ಸಾಗಿ, ಅಲ್ಲಿನ ಕಾರ್ಯಾಗಾರಗಳಲ್ಲಿ ಪೈಪಾಗುತ್ತಿತ್ತು. 20ನೇ ಶತಮಾನದ ಉತ್ತರಾರ್ಧದಲ್ಲಿ ಟರ್ಕಿಯು ಕಚ್ಚಾ ಕಲ್ಲಿನ ರಫ್ತನ್ನು ತಡೆದ ಬಳಿಕ ಕೆತ್ತನೆಯ ಕಸುಬು ತವರಿನಲ್ಲೇ ನೆಲೆ ಕಂಡಿತು. ನಗರದ ಹಳೆಯ ಬಡಾವಣೆ ಓಡುನ್‌ಪಜಾರಿಯಲ್ಲಿ ಇದಕ್ಕೆಂದೇ ಒಂದು ವಸ್ತುಸಂಗ್ರಹಾಲಯವಿದೆ.