ಕಾಕಾನ ತಗಡಿನ ಡಬ್ಬಿ ಮತ್ತು ಒಂದು ‘ತಪ್ಪು’ ತೂತು

ನಮ್ಮ ದೇವಸುಗೂರು ಅಂದರೆ ಬಹಳ ಮಂದಿಗೆ ನೆನಪಾಗೋದು ಎರಡೇ: ಸೂಗೂರೇಶ್ವರನ ಜಾತ್ರೆ, ಪಕ್ಕದ ಶಕ್ತಿನಗರದ ಥರ್ಮಲ್ ಸ್ಟೇಷನ್ನಿನ ಚಿಮಣಿಗಳು. ನನಗೆ ಮೂರನೆಯದೊಂದು ನೆನಪಿದೆ, ನಮ್ಮ ಕಾಕಾನ ರೇಡಿಯೋ ರಿಪೇರಿ ಅಂಗಡಿ. 1985ರಲ್ಲಿ ಥರ್ಮಲ್ಲಿನ ಮೊದಲ ಘಟಕ ಶುರುವಾಯಿತು. ಕಾಲೋನಿಗೆ ಊರೂರಿನ ಮಂದಿ ಬಂದರು, ಅವರ ಸಾಮಾನಿನ ಜೊತೆ ಗಿಟಾರೂ ಬಂತು. ಆ ಹುಡುಗರಲ್ಲೊಬ್ಬ ಕೇಳಿದ ಅಂತ ಕಾಕಾ ಒಂದು ಫಝ್ ಪೆಡಲ್ ಮಾಡಿದ. ಗಿಟಾರಿನ ದನಿಯನ್ನು ಬೇಕಂತಲೇ ಒಡೆದು, ಗೊಗ್ಗರು ಮಾಡುವ ಯಂತ್ರ ಅದು. ಹುಡುಗನ ಅಪ್ಪನಿಗೆ ವರ್ಗವಾಯಿತು, ಡಬ್ಬಿ ಅಂಗಡಿಯಲ್ಲೇ ಉಳಿಯಿತು. ಆಮೇಲೆ ಮದುವೆ ಆರ್ಕೆಸ್ಟ್ರಾದವರು ಅದನ್ನು ಬಾಡಿಗೆಗೆ ಒಯ್ಯುತ್ತಿದ್ದರು.

ಕಾಕಾ ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂತು. ನೋಡಿದರೆ ನಗು ಬರಬೇಕು. ಬಿಸ್ಕತ್ತಿನ ಚಪ್ಪಟೆ ತಗಡಿನ ಡಬ್ಬಿ, ಕಾಲಲ್ಲಿ ಒತ್ತುವ ಸ್ವಿಚ್ಚಿನ ಬದಲು ಕೈಯಿಂದ ಎತ್ತಿ ಇಳಿಸುವ ಟಾಗಲ್ ಸ್ವಿಚ್, ಬದಿಗೆ ಯಾಕೆ ಅಂತ ಗೊತ್ತಾಗದ ಒಂದು ಸಣ್ಣ ತೂತು. ಡ್ರಿಲ್ ಜಾರಿರಬೇಕು ಪಾಪ, ಅಂದುಕೊಂಡೆ.

ಹಾಗೆ ನೋಡಿದರೆ ಈ ಫಝ್ ಅನ್ನೋದು ಹುಟ್ಟಿದ್ದೇ ಕೆಟ್ಟುಹೋದ ಯಂತ್ರದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡೊಂದರ ರೆಕಾರ್ಡಿಂಗ್ ನಡೆದಾಗ ಮಿಕ್ಸರಿನ ಒಂದು ಭಾಗ ಕೆಟ್ಟು ಗಿಟಾರಿನ ದನಿ ಒಡೆಯಿತು. ಅದನ್ನು ಹಾಗೇ ಉಳಿಸಿಕೊಂಡರು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದನಿಯನ್ನು ಟ್ರಾನ್ಸಿಸ್ಟರಿನಿಂದ ಹೊರಡಿಸುವ ಸರ್ಕ್ಯೂಟ್ ಮಾಡಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ‘ಮೇಸ್ಟ್ರೋ ಫಝ್-ಟೋನ್’ ಅಂತ ಮಾರಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅದನ್ನು ಬಳಸಿದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು.

ಆದರೆ ಸರ್ಕ್ಯೂಟ್ ಸುಲಭ, ಡಬ್ಬಿಯೇ ಕಷ್ಟ! ಅದೇ 1965ರಲ್ಲಿ ಲಂಡನ್ನಿನ ಗ್ಯಾರಿ ಹರ್ಸ್ಟ್ ಮಾಡಿದ ‘ಟೋನ್ ಬೆಂಡರ್’ನ ಮೊದಮೊದಲ ಪೆಡಲುಗಳು ಮರದ ಪೆಟ್ಟಿಗೆಯಲ್ಲಿದ್ದವು. 1966ರ ‘ಫಝ್ ಫೇಸ್’ ದುಂಡಗಿದೆ, ಯಾಕಂದರೆ ಮೈಕ್ ಸ್ಟ್ಯಾಂಡಿನ ಬುಡ ನೋಡಿ ಆ ಆಕಾರ ಹೊಳೆಯಿತಂತೆ. 1977ರಲ್ಲಿ ಜಪಾನಿನ ಬಾಸ್ ಕಂಪನಿ ಬ್ಯಾಟರಿ ಬದಲಿಸಲು ಸುಲಭವಾದ ಪುಟ್ಟ ಪೆಡಲುಗಳನ್ನು ತಂದಿತು. ಮನೆಯಲ್ಲಿ ಮಾಡುವವರು ಕೊನೆಗೆ ನೆಚ್ಚಿಕೊಂಡದ್ದು ಹ್ಯಾಮಂಡ್ ಕಂಪನಿಯ 1590ಬಿ ಅನ್ನೋ ಎರಕದ ಅಲ್ಯೂಮಿನಿಯಂ ಡಬ್ಬಿಯನ್ನು. ಸುಮಾರು 112 ಮಿ.ಮೀ. ಉದ್ದ, 60 ಅಗಲ, 31 ಎತ್ತರ. ಅಂದರೆ ಅಂಗೈಯಷ್ಟು.

ಕಾಕಾನ ಡಬ್ಬಿಯೊಳಗೆ ಎರಡು ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರುಗಳಿದ್ದವು, ನಮ್ಮ ಬೆಂಗಳೂರಿನ ಬಿಇಎಲ್‌ನವು. 1954ರಲ್ಲಿ ಶುರುವಾದ ಬಿಇಎಲ್ 1962ರ ಹೊತ್ತಿಗೆ ಜರ್ಮೇನಿಯಂ ಬಿಡಿಭಾಗ ಮಾಡತೊಡಗಿತ್ತು. ಮೇಸ್ಟ್ರೋ ಬಂದ ವರ್ಷವೇ ನೋಡಿ! ವಿಲಾಯತಿ ಫಝ್ ಫೇಸುಗಳಲ್ಲೂ ಕೆಲವಕ್ಕೆ ಇದೇ ನಂಬರಿನ ಟ್ರಾನ್ಸಿಸ್ಟರ್ ಇತ್ತು. ಅಲ್ಲಿ ಅದು ರಾಕ್ ಸಂಗೀತವಾಯಿತು, ಇಲ್ಲಿ ಹಳೆ ರೇಡಿಯೋದೊಳಗೆ ವಾರ್ತೆ ಓದುತ್ತಿತ್ತು.

ನಾನು ದೊಡ್ಡ ಜಾಣನ ಹಾಗೆ ಎಸ್.ಪಿ. ರೋಡಿನಿಂದ ಅಲ್ಯೂಮಿನಿಯಂ ಡಬ್ಬಿ ತಂದೆ. ಕಪ್ಪು ಬಣ್ಣ ಹೊಡೆದೆ. ಕಾಲ್‌ಸ್ವಿಚ್ಚಿಗೆ 12 ಮಿ.ಮೀ., ಜಾಕಿಗೆ ಸುಮಾರು ಒಂಬತ್ತೂವರೆ, ವಾಲ್ಯೂಮ್ ಗುಂಡಿಗೆ 7 ಮಿ.ಮೀ. ತೂತು ಕೊರೆದೆ. ಎಲ್ಲ ಕೂರಿಸಿದ ಮೇಲೆ ನೋಡಿದರೆ 9 ವೋಲ್ಟ್ ಬ್ಯಾಟರಿಗೇ ಜಾಗ ಇಲ್ಲ! ಕೊರೆಯೋದಕ್ಕೆ ಮೊದಲು ಎಲ್ಲ ಭಾಗಗಳನ್ನು ಕಾಗದದ ಮೇಲಿಟ್ಟು ಗೆರೆ ಎಳೆದಿದ್ದರೆ ಈ ಪಾಡು ಇರುತ್ತಿರಲಿಲ್ಲ. ಎರಡನೇ ಡಬ್ಬಿ ತಂದೆ. ಈಗ ‘ಗುಂಯ್’ ಅನ್ನೋ ಸದ್ದು. ಜಾಕ್ ಕೂರುವ ಕಡೆ ಒಳಗಿನ ಬಣ್ಣ ಕೆರೆಯದೆ ಬಿಟ್ಟಿದ್ದರಿಂದ ಡಬ್ಬಿಗೆ ಅರ್ಥೇ ಮುಟ್ಟಿರಲಿಲ್ಲ. ಲೋಹದ ಡಬ್ಬಿ ಬೇಕಾಗೋದೇ ಕರೆಂಟಿನ ಆ ಗುಂಯ್‌ಕಾರ ತಡೆಯೋದಕ್ಕೆ, ಅರ್ಥ್ ಇಲ್ಲದಿದ್ದರೆ ಅದೂ ಪ್ಲಾಸ್ಟಿಕ್ ಸೋಪಿನ ಡಬ್ಬಿಯೂ ಒಂದೇ. ಕಾಕಾ ತಗಡು ಆರಿಸಿದ್ದು ಯಾಕೆ ಅಂತ ಆಗ ತಿಳಿಯಿತು. ತವರ ಹಚ್ಚಿದ ತಗಡಿಗೆ ಅರ್ಥ್ ವೈರನ್ನು ನೇರ ಸೋಲ್ಡರ್ ಮಾಡಬಹುದು, ಅಲ್ಯೂಮಿನಿಯಂ ಸೋಲ್ಡರ್ ಹಿಡಿಯೋದಿಲ್ಲ.

ಅಂತೂ ಕೆಲಸ ಮುಗಿಯಿತು, ಮನೆಯಲ್ಲಿ ದನಿ ಚೆನ್ನಾಗೇ ಬಂತು. ಬೇಸಿಗೆಯಲ್ಲಿ ನಮ್ಮವರದೇ ಮದುವೆ, ರಾಯಚೂರಿನ ಬಿಸಿಲು ನಿಮಗೆ ಗೊತ್ತಲ್ಲ, ಮೇ ತಿಂಗಳಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಶಾಮಿಯಾನದ ಕೆಳಗೆ ‘ಇದು ನಮ್ಮ ಕಾಕಾ ಮಾಡಿದ್ದು’ ಅಂತ ಮೈಕಿನಲ್ಲಿ ಹೇಳಿ ಸ್ವಿಚ್ ತುಳಿದೆ. ಕಾಕೂ ಮುಂದಿನ ಸಾಲಿನಲ್ಲೇ ಕೂತಿದ್ದಳು. ಎರಡು ಹಾಡು ಆಗುವಷ್ಟರಲ್ಲಿ ದನಿ ಕುಗ್ಗಿ, ತುಂಡುತುಂಡಾಗಿ, ಉಸಿರುಗಟ್ಟಿದ ಹಾಗೆ ನಿಂತೇ ಹೋಯಿತು. ಕಾಕಾನ ಹೆಸರು ಹೇಳಿ ಅವನ ಮರ್ಯಾದೆ ನಾನೇ ಕಳೆದ ಹಾಗಾಯಿತು.

ಇಳಿದು ಬಂದಾಗ ಕಾಕೂ ಅಂದಳು: “ಆ ಸಣ್ಣ ತೂತಿನ್ಯಾಗ ಸ್ಕ್ರೂಡ್ರೈವರ್ ಹಾಕಿ ತಿರುವಿದ್ಯೇನಪಾ? ಬ್ಯಾಸಿಗಿ ಬಂತಂದ್ರ ನಿಮ್ಮ ಕಾಕಾ ತಿರುವೇ ಕೊಡತಿದ್ದ.”

ನನಗೆ ನೆಲ ಬಿರಿಯಬಾರದೆ ಅನ್ನಿಸಿತು. ಜರ್ಮೇನಿಯಂಗೆ ಶಾಖ ಆಗೋದಿಲ್ಲ. ಬಿಸಿ ಹತ್ತು ಡಿಗ್ರಿ ಏರಿದರೆ ಒಳಗೆ ಸೋರುವ ಕರೆಂಟು ಸುಮಾರು ಇಮ್ಮಡಿಯಾಗುತ್ತದೆ, ಟ್ರಾನ್ಸಿಸ್ಟರಿನ ಹದ ತಪ್ಪುತ್ತದೆ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಬ್ಯಾಟರಿಯ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ ನಾಲ್ಕೂವರೆ ವೋಲ್ಟ್ ಇರುವ ಹಾಗೆ ಮತ್ತೆ ಹದ ಮಾಡಬೇಕು. ಅದಕ್ಕೆಂದೇ ಕಾಕಾ ಒಳಗೊಂದು ಪುಟ್ಟ ಪ್ರೀಸೆಟ್ ಇಟ್ಟು, ಅದರ ಎದುರಿಗೇ ತೂತು ಕೊರೆದಿದ್ದ. ಲಂಡನ್ನಿನ ಚಳಿಗೆ ಹುಟ್ಟಿದ ಸರ್ಕ್ಯೂಟನ್ನು ಅವನು ರಾಯಚೂರಿನ ಬಿಸಿಲಿಗೆ ಹೊಂದಿಸಿದ್ದ. ನಾನು ಆ ತೂತು ಮುಚ್ಚಿದ್ದಲ್ಲದೆ, ಮೇಲೆ ಬಿಸಿಲು ಹೀರುವ ಕಪ್ಪು ಬಣ್ಣ ಬಳಿದಿದ್ದೆ!

ಮರುದಿನವೇ ಹೊಸ ಡಬ್ಬಿಯ ಬದಿಗೆ 4 ಮಿ.ಮೀ. ತೂತು ಹೊಡೆದೆ, ಕಪ್ಪು ಕೆರೆದು ಬಿಳಿ ಹಚ್ಚಿದೆ. ಈಗ ಹಾಡೋದಕ್ಕೆ ಮೊದಲು ಒಮ್ಮೆ ಸ್ಕ್ರೂಡ್ರೈವರ್ ತಿರುಗಿಸುತ್ತೇನೆ. ಖಾಲಿಯಾದ ತಗಡಿನ ಡಬ್ಬಿಯನ್ನು ಕಾಕೂ ಇಸಕೊಂಡಳು, ಅದರಲ್ಲೀಗ ಸೂಜಿ ದಾರ ಇದೆ. ಗುಂಡಿ ಹಾಕಬೇಡ, ತೂತಿನಿಂದ ಬಿದ್ದಾವು ಅಂದರೆ ನಗುತ್ತಾಳೆ.

ನಿಮ್ಮ ಮನೆಯ ಅಟ್ಟದ ಮೇಲೂ ಹಿರಿಯರು ಕೈಯಾರೆ ಮಾಡಿದ್ದೇನಾದರೂ ಇದ್ದರೆ ಅದನ್ನು ‘ಸರಿ’ ಮಾಡುವ ಮುಂಚೆ ಒಂದು ಮಾತು ಕೇಳಿ. ಕೇಳೋದಕ್ಕೆ ಯಾರಾದರೂ ಇರುವಾಗಲೇ.